ನಾಲ್ಕು ಗಾಬ್ಲಿನ್‌ಗೆ ಎಕ್ಸ್‌ಪಿ 200 ಕೊಡಬೇಕಾ, 400ಆ?

ಜಯನಗರದಲ್ಲಿ ಪ್ರತಿ ಭಾನುವಾರ ನಾಲ್ವರಿಗೆ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ದಾಳ ಉರುಳಿಸಿ ಪಾತ್ರವಾಗಿ ಆಡೋ ಆಟ ಆಡಿಸ್ತೀರಿ, ನಾಲ್ಕು ಗಾಬ್ಲಿನ್ (ಸಣ್ಣ ದುಷ್ಟ ಜೀವಿಗಳು) ಸೋತಾಗ ಎಷ್ಟು ಎಕ್ಸ್‌ಪಿ, ಅಂದರೆ ಲೆವೆಲ್ ಏರಿಸೋ ಅನುಭವದ ಅಂಕ, ಹಂಚಬೇಕು ಅಂತ ಕೇಳಿದ್ದೀರಿ. 2014ರ ನಿಯಮದಲ್ಲಿ ಒಟ್ಟು 200, ತಲಾ 50.

ಗೊಂದಲ ಹುಟ್ಟೋದು ಗುಣಕದಿಂದ. ಶತ್ರುಗಳು ಮೂರರಿಂದ ಆರು ಇದ್ದರೆ ಮೊತ್ತವನ್ನು 2ರಿಂದ ಗುಣಿಸ್ತೀವಿ ನಿಜ, ಆದರೆ ಅದು ಕಾಳಗ ಎಷ್ಟು ಕಷ್ಟ ಅಂತ ಅಳೆಯೋಕೆ ಮಾತ್ರ. ಮೊದಲ ಲೆವೆಲ್‌ನ ನಾಲ್ವರಿಗೆ 400 ಅಂದರೆ ‘ಡೆಡ್ಲಿ’ ಮಿತಿ, ಯಾರಾದರೂ ಸಾಯಲೂಬಹುದು. ಗುಣಿಸಿದ್ದನ್ನೇ ಹಂಚಿದರೆ ತಲಾ 100 ಆಗಿ, ಇಂಥ ಆರು ಕಾಳಗ ಬೇಕಾದಲ್ಲಿ ಮೂರಕ್ಕೇ 300 ಮುಟ್ಟಿ ಎರಡನೇ ಲೆವೆಲ್ ಬಂದುಬಿಡುತ್ತೆ.

ಹೊಡೆದಾಡದೆ ನುಸುಳಿ ಹೋದರೆ? ಡಿ20ಕ್ಕೆ (20 ಮುಖದ ದಾಳಕ್ಕೆ) ಪಾತ್ರದ ಡೆಕ್ಸ್ಟೆರಿಟಿ (ಚುರುಕುತನ) ಮಾಡಿಫೈಯರ್ ಕೂಡಿಸಿ, ಸ್ಟೆಲ್ತ್‌ನಲ್ಲಿ (ಸದ್ದಿಲ್ಲದೆ ನುಸುಳೋದರಲ್ಲಿ) ಪ್ರೊಫಿಶಿಯನ್ಸಿ, ಅಂದರೆ ಪಳಗಿದ ಕೈ, ಇದ್ದರೆ ಇನ್ನೂ 2. ಎದುರಿಗಿರೋದು ಗಾಬ್ಲಿನ್‌ನ ಪ್ಯಾಸಿವ್ ಪರ್ಸೆಪ್ಷನ್ (ಬೇಕಂತ ಹುಡುಕದೆಯೇ ಗಮನಿಸೋ ಶಕ್ತಿ) 9. ದಯವಿಟ್ಟು ಗ್ರೂಪ್ ಚೆಕ್ (ಎಲ್ಲರೂ ದಾಳ ಉರುಳಿಸೋ ಪರೀಕ್ಷೆ) ಮಾಡಿಸಿ: ಅರ್ಧ ಜನ ಗೆದ್ದರೆ ಎಲ್ಲರೂ ಪಾರು. ಇಲ್ಲದಿದ್ದರೆ ಚೈನ್ ಮೇಲ್ (ಲೋಹದ ಬಳೆಗಳ ಕವಚ) ತೊಟ್ಟವನು ಡಿಸ್‌ಅಡ್ವಾಂಟೇಜ್‌ನಿಂದ ಎರಡು ದಾಳ ಉರುಳಿಸಿ, ಕಡಿಮೆ ಬಿದ್ದದ್ದನ್ನು ಇಟ್ಟುಕೊಂಡು, ಇಡೀ ತಂಡವನ್ನೇ ಸಿಕ್ಕಿಹಾಕಿಸ್ತಾನೆ. (ಸ್ಕಿಲ್ ಚೆಕ್‌ನಲ್ಲಿ 20 ಬಿದ್ದ ಮಾತ್ರಕ್ಕೆ ಗೆಲುವಲ್ಲ, ಆ ನಿಯಮ ದಾಳಿಗೆ.)

ಹೀಗೆ ನುಸುಳಿ ಪಾರಾದಾಗ ಎಕ್ಸ್‌ಪಿ ಕೊಡೋದು ಡಿಎಂ (ಆಟ ಆಡಿಸೋರು, ಅಂದರೆ ನೀವು) ಇಷ್ಟ. ದಾರಿಗೆ ಅಡ್ಡ ನಿಂತಿದ್ದು ಆ ಗಾಬ್ಲಿನ್‌ಗಳೇ ಆಗಿದ್ದರೆ ಪೂರ್ತಿ 200 ಕೊಡಿ. ಕೊಂದರೆ ಮಾತ್ರ ಕೊಡ್ತೀರಿ ಅಂತ ಗೊತ್ತಾದರೆ ಮುಂದಿನ ವಾರದಿಂದ ಯಾರೂ ಉಪಾಯ ಹುಡುಕಲ್ಲ, ಎಲ್ಲರೂ ಕತ್ತಿಗೇ ಕೈ ಹಾಕ್ತಾರೆ.