ಒಗಟು ಬಿಡಿಸದಿದ್ದರೆ ಸಾವು: ಇಂಥ ಸಿನಿಮಾಗಳಲ್ಲಿ ಯಾವುದರಿಂದ ಶುರು ಮಾಡಲಿ?

ಗುರುತು ಪರಿಚಯ ಇಲ್ಲದವರು ಒಂದು ಕಡೆ ಸಿಕ್ಕಿಹಾಕಿಕೊಂಡು, ಒಗಟು ಬಿಡಿಸಿ ಜೀವ ಉಳಿಸಿಕೊಳ್ಳುವ ಸಿನಿಮಾ ಬೇಕು, ಆದರೆ ಬರೀ ರಕ್ತ ನೋಡಿ ಸಾಕಾಗಿದೆ, ತಲೆಗೂ ಸ್ವಲ್ಪ ಕೆಲಸ ಇರಲಿ ಎಂದು ಕೇಳಿದ್ದೀರಿ. 'ಕ್ಯೂಬ್' ನೋಡಿ. 1997ರ ಕೆನಡಾದ ಸಿನಿಮಾ, ನಿರ್ದೇಶಕ ವಿನ್ಸೆಂಜೊ ನತಾಲಿ. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಆದರೆ ನಡುವಿನ ಕೆಲವು ಸಂಗತಿ ಬಿಟ್ಟುಕೊಡದೆ ಇದನ್ನೇ ಯಾಕೆ ಹೇಳುತ್ತಿದ್ದೇನೆ ಅಂತ ವಿವರಿಸಲು ಆಗುವುದಿಲ್ಲ. ಏನೂ ತಿಳಿಯದೆ ನೋಡಬೇಕು ಅನ್ನುವ ಆಸೆ ಇದ್ದರೆ ಇಲ್ಲೇ ಓದು ನಿಲ್ಲಿಸಿ, ನೋಡಿಕೊಂಡು ಬನ್ನಿ.

ಕೆಲವರಿಗೆ ಒಂದು ಘನಾಕಾರದ ಕೋಣೆಯಲ್ಲಿ ಎಚ್ಚರವಾಗುತ್ತದೆ. ನಾಲ್ಕು ಗೋಡೆ, ನೆಲ, ಮೇಲ್ಛಾವಣಿ, ಆರೂ ಕಡೆ ಬಾಗಿಲು. ಯಾವ ಬಾಗಿಲು ತೆರೆದರೂ ಅಂಥದ್ದೇ ಇನ್ನೊಂದು ಕೋಣೆ, ಬಣ್ಣ ಮಾತ್ರ ಬೇರೆ. ಕೆಲವದರಲ್ಲಿ ಸಾವಿನ ಬಲೆ ಇದೆ. ತಂದು ಹಾಕಿದವರು ಯಾರು, ಯಾಕೆ, ಯಾರಿಗೂ ಗೊತ್ತಿಲ್ಲ.

ಇಂಥ ಸಿನಿಮಾಗಳಲ್ಲಿ ನಾನು ನೋಡುವುದು ಒಂದನ್ನೇ. ಒಗಟು ಮುಂದಕ್ಕೆ ಹೋದ ಹಾಗೆ ಗುಂಪಿನಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದೂ ಬದಲಾಗುತ್ತದಾ? ಬದಲಾಗದಿದ್ದರೆ ಅದು ಒಬ್ಬೊಬ್ಬರನ್ನೇ ಸಾಯಿಸುವ ಯಂತ್ರ, ಅಷ್ಟೇ. 'ಕ್ಯೂಬ್' ಈ ವಿಷಯದಲ್ಲಿ ತುಂಬಾ ಗಟ್ಟಿ.

ಮೊದಲು ಎಲ್ಲರೂ ನಂಬುವುದು ರೆನ್ ಎಂಬ ಮುದುಕನನ್ನು. ಜೈಲಿನಿಂದ ತಪ್ಪಿಸಿಕೊಳ್ಳುವುದರಲ್ಲಿ ಹೆಸರು ಮಾಡಿದವನು. ಬೂಟಿಗೆ ಲೇಸು ಕಟ್ಟಿ ಮುಂದಿನ ಕೋಣೆಗೆ ಎಸೆಯುತ್ತಾನೆ, ಬಲೆ ಇದ್ದರೆ ಆಗಲೇ ಗೊತ್ತಾಗಲಿ ಅಂತ. ಅನುಭವಿಯ ಉಪಾಯ. ಆದರೆ ಆಸಿಡ್ ಅವನ ಮುಖಕ್ಕೇ ಬೀಳುತ್ತದೆ. ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದವನೇ ಮೊದಲು ಹೋಗಿಬಿಟ್ಟ ಮೇಲೆ ಉಳಿದವರ ಮುಖ ನೋಡಬೇಕು ನೀವು.

ಆಮೇಲೆ ಲೀವನ್ ಎಂಬ ಗಣಿತದ ವಿದ್ಯಾರ್ಥಿನಿಯ ಸರದಿ. ಬಾಗಿಲುಗಳ ನಡುವೆ ಮೂರು ಮೂರಂಕಿಯ ಸಂಖ್ಯೆ ಕೆತ್ತಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಮೂರರಲ್ಲಿ ಒಂದಾದರೂ ಅವಿಭಾಜ್ಯ ಸಂಖ್ಯೆಯಾದರೆ ಆ ಕೋಣೆಯಲ್ಲಿ ಬಲೆ ಇದೆ ಅನ್ನುವುದು ಅವಳ ಊಹೆ. ಒಂದು ಕಡೆ 645, 372, 649 ಇರುತ್ತದೆ. ಮೊದಲಿನ ಎರಡು ನೋಡಿದ ಕೂಡಲೇ ಗೊತ್ತಾಗುತ್ತದೆ. 649 ಮಾತ್ರ ಅವಿಭಾಜ್ಯದ ಹಾಗೇ ಕಾಣುತ್ತದೆ, ಆದರೆ ಅದು 11 ಸಲ 59. ಆ ಒಂದು ಕ್ಷಣ ನಾವೂ ಅವಳ ಜೊತೆ ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿರುತ್ತೇವೆ. ಹೈಸ್ಕೂಲಿನ ಲೆಕ್ಕ ಸಾಕು. ಈ ಸಿನಿಮಾ ನೋಡುವವರನ್ನು ದಡ್ಡರು ಅಂದುಕೊಂಡಿಲ್ಲ, ಅದೇ ನನಗೆ ಇಷ್ಟ.

ಊಹೆ ಕೆಲಸ ಮಾಡುತ್ತದೆ, ನಂಬಿಕೆ ಬೆಳೆಯುತ್ತದೆ, ಆಮೇಲೆ ಅದೇ ಊಹೆ ಕೈಕೊಡುತ್ತದೆ. ಪೊಲೀಸ್ ಆಗಿದ್ದ ಕ್ವೆಂಟಿನ್ ಸ್ವಲ್ಪದರಲ್ಲೇ ಬದುಕಿ ಉಳಿಯುತ್ತಾನೆ. ಅಲ್ಲಿಂದ ಅವನ ನಾಯಕತನಕ್ಕೆ ವಿಷ ಏರಲು ಶುರು. ಲೀವನ್ ಸೋಲುವುದಿಲ್ಲ, ಅದೇ ಅಂಕಿಗಳನ್ನು ಕೂಡಿ ಕೋಣೆಯ ಜಾಗ ಕಂಡುಹಿಡಿಯುತ್ತಾಳೆ. 6, 4, 5 ಕೂಡಿದರೆ 15, ಹೀಗೆ ಮೂರು ಸಂಖ್ಯೆಯಿಂದ ಮೂರು ದಿಕ್ಕಿನ ಅಳತೆ. ಒಂದು ಸಾಲಿಗೆ 26 ಕೋಣೆ, ಒಟ್ಟು 17,576. ಸುಮ್ನೆ ಹೆದರಿಸಲು ಹಾಕಿದ ಅಂಕಿಯಲ್ಲ ಇದು, ಕಥೆ ಇದರ ಮೇಲೇ ನಿಂತಿದೆ.

ಶಬ್ದವಾದರೆ ಮೊಳೆಗಳು ಹೊರಗೆ ಚಿಮ್ಮುವ ಕೋಣೆಯ ದೃಶ್ಯವನ್ನು ಮಾತ್ರ ದಯವಿಟ್ಟು ಮೊಬೈಲ್ ಪಕ್ಕಕ್ಕಿಟ್ಟು ನೋಡಿ. ಒಬ್ಬೊಬ್ಬರಾಗಿ ಉಸಿರು ಬಿಗಿಹಿಡಿದು ದಾಟಬೇಕು. ಜೊತೆಯಲ್ಲಿ ಕಜಾನ್ ಇದ್ದಾನೆ. ಆಟಿಸಂ ಇರುವವನು, ಸುಮ್ಮನಿರು ಅಂದರೆ ಅರ್ಥವಾಗುವುದೇ ಕಷ್ಟ. ಹಿನ್ನೆಲೆ ಸಂಗೀತದ ಗದ್ದಲ ಇಲ್ಲ. ಬಟ್ಟೆ ಉಜ್ಜುವ ಸದ್ದೂ ಹೆದರಿಸುತ್ತದೆ.

ಈ ಕಜಾನ್ ವಿಷಯದಲ್ಲೇ ನನ್ನ ತಕರಾರು ಇರುವುದು. ಕೊನೆಕೊನೆಗೆ ಬಲೆ ಗುರುತಿಸಲು ಬೇಕಾದ ಸಂಖ್ಯೆಗಳ ಅಪವರ್ತನ ಕಂಡುಹಿಡಿಯುವುದು ಮನುಷ್ಯರಿಂದ ಆಗದ ಕೆಲಸ ಅನ್ನುತ್ತಾಳೆ ಲೀವನ್. ಹಾಗೇನಿಲ್ಲ. ಮೂರಂಕಿಯ ಸಂಖ್ಯೆಗೆ 2ರಿಂದ 31ರವರೆಗಿನ ಹನ್ನೊಂದು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು, ಅವಳಂಥವಳಿಗೆ ಅದು ದೊಡ್ಡದಲ್ಲ. ಆ ಲೆಕ್ಕ ಮಾಡಿಕೊಡುವ ಕಜಾನ್ ಬೇಕೇಬೇಕು ಅನ್ನಿಸಲು ಅವಳನ್ನು ಬೇಕಂತಲೇ ದುರ್ಬಲ ಮಾಡಿದ್ದಾರೆ. ಲೆಕ್ಕ ಬಂದಾಗ ಮಾತ್ರ ಅವನಿಗೆ ಬೆಲೆ ಬರುವುದು ಇನ್ನೂ ಬೇಸರ. ಅದಕ್ಕೂ ಮೊದಲು ಅವನನ್ನು ಮನುಷ್ಯ ಅಂತ ನೋಡಿಕೊಳ್ಳುವವಳು ಡಾಕ್ಟರ್ ಹಾಲೊವೇ ಒಬ್ಬಳೇ ಅಲ್ವಾ?

ನತಾಲಿಯವರ ಹತ್ತಿರ ದುಡ್ಡು ಕಡಿಮೆ ಇತ್ತು. ಸುಮಾರು 14 ಅಡಿ ಉದ್ದಗಲದ ಒಂದೇ ಕೋಣೆ ಕಟ್ಟಿಸಿ, ಫಲಕಗಳ ಬಣ್ಣ ಬದಲಾಯಿಸಿ ಅದನ್ನೇ ಸಾವಿರಾರು ಕೋಣೆ ಅಂತ ನಂಬಿಸಿದರು. ಪಾತ್ರಗಳ ಹೆಸರೆಲ್ಲಾ ಜೈಲುಗಳದ್ದು. ಸ್ಯಾನ್ ಕ್ವೆಂಟಿನ್ನಿಂದ ಕ್ವೆಂಟಿನ್, ಲಂಡನ್ನಿನ ಹಾಲೊವೇಯಿಂದ ಹಾಲೊವೇ. ಲೀವನ್ ಮತ್ತು ಗುಂಪಿನ ಇನ್ನೊಬ್ಬ ವರ್ತ್, ಇಬ್ಬರನ್ನೂ ಸೇರಿಸಿ ಓದಿದರೆ ಅಮೆರಿಕದ ಲೀವನ್‌ವರ್ತ್.

ಈ ವರ್ತ್ ಬಾಯಿಬಿಡುವ ದೃಶ್ಯ ಬಲೆಗಳಿಗಿಂತ ಜಾಸ್ತಿ ಕಾಡುತ್ತದೆ. ಈ ಕೋಣೆಗಳ ಕಟ್ಟಡದ ಹೊರಗೋಡೆಯ ನಕ್ಷೆ ಬರೆದವನು ಅವನೇ. ಯಾರಿಗಾಗಿ ಅಂತ ಕೇಳಲಿಲ್ಲ, ಸಂಬಳ ಬಂತು, ಕೆಲಸ ಮಾಡಿದ. ಅವನಂತೆ ಇದನ್ನು ಕಟ್ಟಿದ ಪ್ರತಿಯೊಬ್ಬರೂ ತಮ್ಮ ತಮ್ಮ ಚೂರು ಮಾತ್ರ ನೋಡಿದವರು.

ಇದಾದ ಮೇಲೆ 2007ರ ಸ್ಪ್ಯಾನಿಷ್ ಸಿನಿಮಾ 'ಫರ್ಮಾಸ್ ರೂಮ್' ನೋಡಿ. ಗಣಿತಜ್ಞರನ್ನು ಕರೆಸಿ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಸಮಯಕ್ಕೆ ಉತ್ತರ ಕೊಡದಿದ್ದರೆ ಗೋಡೆಗಳು ಒಳಕ್ಕೆ ಸರಿಯುತ್ತವೆ. ಒಗಟುಗಳು ಹಳೆಯವು, ಮೂರು ಸ್ವಿಚ್ಚು ಒಂದು ಬಲ್ಬಿನ ಥರದ್ದು, ನಿಮಗೆ ಕೆಲವು ಮೊದಲೇ ಗೊತ್ತಿರಬಹುದು. ರಕ್ತ ತೀರಾ ಬೇಡ ಅಂದರೆ 2009ರ 'ಎಕ್ಸಾಮ್': ಎಂಟು ಅಭ್ಯರ್ಥಿಗಳು, 80 ನಿಮಿಷ, ಖಾಲಿ ಪ್ರಶ್ನೆಪತ್ರಿಕೆ. 'ಕ್ಯೂಬ್'ನ ಮುಂದಿನ ಭಾಗಗಳನ್ನು ಸದ್ಯಕ್ಕೆ ಬಿಡಿ. ಮೊದಲನೆಯದು ಬೇಕಂತಲೇ ಹೇಳದೆ ಬಿಟ್ಟದ್ದನ್ನು ಅವು ವಿವರಿಸಲು ಹೋಗುತ್ತವೆ.