ಗೊಲ್ಲರಹಟ್ಟಿಗಳು ಅಷ್ಟು ಚಿಕ್ಕವಾಗಿ, ಊರಿನಿಂದ ದೂರ ಇರುವುದೇಕೆ?

ಚಿತ್ರದುರ್ಗ ಜಿಲ್ಲೆಯಲ್ಲಿ ಸುತ್ತುವಾಗ ಗೊಲ್ಲರಹಟ್ಟಿ ಎಂಬ ಫಲಕವನ್ನು ಹಲವೆಡೆ ಕಂಡಿರುವುದಾಗಿ ಹೇಳಿ, ಆ ಪುಟ್ಟ ಊರುಗಳು ದೊಡ್ಡ ಊರಿನಿಂದ ದೂರ ಏಕಿವೆ ಎಂದು ತಾವು ಕೇಳಿದ್ದೀರಿ. ನಾನು ಹಿರಿಯೂರು ಸೀಮೆಯವನು. ನಮ್ಮ ಹೊಲದ ಆಚೆಗೇ ಅಂಥದೊಂದು ಹಟ್ಟಿ ಇದೆ.

ಹಟ್ಟಿ ಎಂದರೆ ಮೊದಲಿಗೆ ಊರಲ್ಲ, ದನಕುರಿಗಳನ್ನು ಕೂಡುವ ಜಾಗ. ‘ಪಾಲು’ ಹಾಲಾದಂತೆ ‘ಪಟ್ಟಿ’ ಹಟ್ಟಿಯಾಗಿದೆ. ದಕ್ಷಿಣ ಕನ್ನಡದಲ್ಲಿ ಇಂದಿಗೂ ಕೊಟ್ಟಿಗೆಗೆ ಹಟ್ಟಿ ಎನ್ನುತ್ತಾರೆ, ಕನಕಪುರದ ಕಡೆಯ ‘ದೊಡ್ಡಿ’ಗಳ ಹಿನ್ನೆಲೆಯೂ ಇಂಥದೇ. ದನಕುರಿ ಸಾಕುವ ಕಾಡುಗೊಲ್ಲ ಸಮುದಾಯದವರು ಹುಲ್ಲು ನೀರು ಕಂಡಲ್ಲಿ ಕುರಿ ಕೂಡಲು ಮುಳ್ಳುಬೇಲಿಯ ರೊಪ್ಪ ಕಟ್ಟಿ, ಅದರ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡರು. ಸುತ್ತಲಿನ ಹುಲ್ಲು ತಾಳುವಷ್ಟು ಕುರಿ, ಆ ಕುರಿಗಳು ಸಾಕುವಷ್ಟು ಮನೆ. ಬೆಳೆ ನಿಂತ ಹೊಲಗಳ ನಡುವೆ ಮಂದೆಯನ್ನು ದಿನವೂ ದಾಟಿಸುವುದು ಜಗಳಕ್ಕೆ ದಾರಿಯಾದ್ದರಿಂದ ಊರಿನಿಂದ ದೂರವಿರುವುದೇ ಇಬ್ಬರಿಗೂ ಅನುಕೂಲವಾಗಿತ್ತು.

ಸಂಬಂಧವೇನೂ ಕಡಿದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಿದ್ದರು. ಗೊಬ್ಬರಕ್ಕೆ ಪ್ರತಿಯಾಗಿ ಅಪ್ಪ ಕಾಳು ಅಳೆದು ಕೊಡುತ್ತಿದ್ದರು. ಎಳೆಯ ಮರಿಗಳನ್ನು ಹಗಲೆಲ್ಲ ಬಿದಿರಿನ ಗೂಡಿನಲ್ಲಿ ಮುಚ್ಚಿಟ್ಟು ಸಂಜೆ ಬಿಟ್ಟಾಗ, ಆ ಅರಚಾಟದ ನಡುವೆ ಒಂದೊಂದು ಮರಿಯೂ ಮೂಸಿ ಮೂಸಿ ತನ್ನ ತಾಯಿಯನ್ನೇ ಹುಡುಕಿಕೊಳ್ಳುವುದನ್ನು ನಾನು ಬದುವಿನ ಮೇಲೆ ಕೂತು ನೋಡಿದ್ದೇನೆ.

ಹಟ್ಟಿಯ ಶುದ್ಧಿಯ ಕಟ್ಟುಪಾಡೂ ಈ ದೂರವನ್ನು ಉಳಿಸಿತೆನ್ನಬೇಕು. ಅದರ ಭಾರ ಬಿದ್ದದ್ದು ಮಾತ್ರ ಮುಟ್ಟಾದ, ಹೆತ್ತ ಹೆಂಗಸರ ಮೇಲೆ. ಅವರನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯನ್ನು ನಾನಂತೂ ಸಮರ್ಥಿಸಲಾರೆ.

ಹುಲ್ಲಿನ ನೆಲವನ್ನು ಮೀಸಲಿಡುವುದು ಅರಸರಿಗೂ ತಿಳಿದಿತ್ತು. ರಾಸು ಸಾಕಲು ಮೈಸೂರು ಅರಸರು ಇಟ್ಟಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಅದರ ರಾಸುಗಳಿಗಾಗಿ ಬಿಟ್ಟ ನೆಲಗಳೇ ಅಮೃತ ಮಹಲ್ ಕಾವಲುಗಳು. ಅವುಗಳಲ್ಲಿ ಸುತ್ತಲಿನವರ ಕುರಿಗಳೂ ಮೇಯುತ್ತಿದ್ದವು. ಚಳ್ಳಕೆರೆಯ ಕುದಾಪುರದ ಕಡೆ ಅಂಥ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿ, ಸುತ್ತ ಗೋಡೆ ಎದ್ದಿದೆ.

ನಮ್ಮ ಪಕ್ಕದ ಹಟ್ಟಿಯಲ್ಲಿ ಈಗ ಮಂದೆ ಇಟ್ಟಿರುವವರು ಮೂರೇ ಮನೆಯವರು. ಹೊಲಕ್ಕೆ ಮಂದೆ ಬೇಕೆಂದರೆ ಮೊದಲೇ ಹೇಳಿಟ್ಟು, ನಮ್ಮ ಸರದಿ ಬರುವವರೆಗೆ ಕಾಯಬೇಕು.