ಹ್ಯೂಸ್ಟನ್ ಮುಳುಗಿದ್ದು ಗೊತ್ತು, ಬಿಹಾರ ಮುಳುಗಿದ್ದು ಯಾಕೆ ಗೊತ್ತಿಲ್ಲ?

ನೀವು ಕೇಳಿದ್ದು ಇಷ್ಟು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತಕ್ಕೆ ಅಮೆರಿಕದ ಹ್ಯೂಸ್ಟನ್ ಮುಳುಗಿದ್ದನ್ನು ಇಡೀ ಜಗತ್ತು ನೋಡಿತು. ಅದೇ ಮಳೆಗಾಲದಲ್ಲಿ ಬಿಹಾರ, ಅಸ್ಸಾಂ, ನೇಪಾಳ, ಬಾಂಗ್ಲಾದೇಶಗಳಲ್ಲಿ ನೆರೆಗೆ ಸಾವಿರಕ್ಕೂ ಜಾಸ್ತಿ ಜನ ಸತ್ತರು, ಅದು ಯಾಕೆ ಅಷ್ಟು ಸುದ್ದಿಯಾಗಲಿಲ್ಲ? ಬಿಳಿಯರ ಜೀವಕ್ಕೆ ಮಾತ್ರ ಬೆಲೆಯಾ?

ಭೇದ ಇದೆ, ಅನುಮಾನವೇ ಬೇಡ. ಐಸೆನ್ಸಿ ಮತ್ತು ಸ್ಟ್ರಾಂಬರ್ಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1968ರಿಂದ 2002ರವರೆಗಿನ ಸುಮಾರು 5,000 ವಿಕೋಪಗಳನ್ನು ಅಮೆರಿಕದ ಟಿವಿ ಸುದ್ದಿಗಳ ಪಕ್ಕ ಇಟ್ಟು ನೋಡಿದರು. ಪೂರ್ವ ಯುರೋಪಿನ ಒಂದು ವಿಕೋಪಕ್ಕೆ ಸಿಗುವಷ್ಟು ಸುದ್ದಿ ಸಿಗಬೇಕಾದರೆ ಆಫ್ರಿಕಾದಲ್ಲಿ ಸುಮಾರು 40 ಪಟ್ಟು ಜನ ಸಾಯಬೇಕಿತ್ತು! ಅವರು ಇನ್ನೊಂದು ವಿಷಯವನ್ನೂ ಕಂಡರು. ಒಲಿಂಪಿಕ್ಸ್ ನಡೆಯುತ್ತಿದ್ದ ದಿನಗಳಲ್ಲಿ ಬಂದ ವಿಕೋಪಗಳಿಗೆ ಸುದ್ದಿಯೂ ಕಡಿಮೆ, ಅಮೆರಿಕ ಸರ್ಕಾರದ ನೆರವೂ ಕಡಿಮೆ. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ. ಸುದ್ದಿಯಾಗದ ಊರಿಗೆ ಅಕ್ಕಿಯೂ ಬರಲ್ಲ.

ಆದರೆ ಬಣ್ಣ ಒಂದನ್ನೇ ದೂರಿದರೆ ನಮ್ಮ ಮನೆಯಂಗಳದಲ್ಲಿ ಆಗುವುದು ಅರ್ಥವಾಗಲ್ಲ. ನಾನಿರುವುದು ಪುಣೆಯಲ್ಲಿ. ಅಕ್ಕನನ್ನು ಕೊಟ್ಟಿರುವುದು ಚಿಕ್ಕೋಡಿ ತಾಲ್ಲೂಕಿನಲ್ಲಿ, ಕೃಷ್ಣಾ ಹೊಳೆ ದಂಡೆಯ ಊರಿಗೆ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ ಮೂರೂ ಕಡೆ ನೆರೆ ಬಂತು. ಆಗಸ್ಟ್ 5ಕ್ಕೆ ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾಯಿತು. ದೆಹಲಿಯ ಚಾನೆಲ್‌ಗಳಿಗೆ ಬೇರೇನೂ ಕಾಣಲಿಲ್ಲ. ಪುಣೆ, ಮುಂಬೈಯ ಬಹಳ ಮನೆಗಳಿಗೆ ನೆರೆಯ ಬಿಸಿ ತಟ್ಟಿದ್ದು ಕೊಲ್ಹಾಪುರದ ಹಾಲಿನ ಪ್ಯಾಕೆಟ್ ಬರದೇ ಹೋದಾಗ. ಮರಾಠಿ ಚಾನೆಲ್‌ಗಳು ಕೊಲ್ಹಾಪುರದ ಪಂಚಗಂಗಾ ಹೊಳೆಯನ್ನು ಹಗಲು ರಾತ್ರಿ ತೋರಿಸಿದವು, ಒಳ್ಳೆಯ ಕೆಲಸವನ್ನೇ ಮಾಡಿದವು. ಆದರೆ ಸಾಂಗ್ಲಿಯಲ್ಲಿ ನುಗ್ಗಿದ ಅದೇ ಕೃಷ್ಣೆಯ ನೀರು ರಾಜ್ಯದ ಗಡಿ ದಾಟಿದ ಮೇಲೆ ನಮ್ಮ ಮನೆಯ ಟಿವಿಯಲ್ಲಿ ಕಾಣಿಸುತ್ತಿರಲಿಲ್ಲ. ಅಕ್ಕ ಗಂಜಿ ಕೇಂದ್ರದಿಂದ ಫೋನ್ ಮಾಡಿದಾಗ ಮೊದಲು ಕೇಳಿದ್ದು, "ಟಿವ್ಯಾಗ ನಮ್ಮೂರ ತೋರ್ಸಿದ್ರೇನು?" ಎಮ್ಮೆಗಳನ್ನು ಎಲ್ಲಿ ಕಟ್ಟಿದ್ದಾರೆ ಅಂತ ಆಮೇಲೆ ಹೇಳಿದಳು. ಟಿವಿಯಲ್ಲಿ ಬಂದರೆ ಯಾರಾದರೂ ಬರುತ್ತಾರೆ ಅನ್ನುವ ಲೆಕ್ಕ ಅವಳದು. ಆ ಲೆಕ್ಕ ಸರಿಯಾಗೇ ಇತ್ತು. ಇಲ್ಲಿನ ನಮ್ಮ ಕನ್ನಡದವರು ಸೇರಿ ಚಾದರ, ಅಕ್ಕಿ, ಬಿಸ್ಕತ್ತು ಕೂಡಿಸಿದಾಗ ಮೊದಲ ಗಾಡಿ ಸಾಂಗ್ಲಿಗೇ ಹೋಯಿತು. ಅಲ್ಲೂ ಬೇಕಿತ್ತು, ಅದನ್ನು ತಪ್ಪು ಅನ್ನಲಾರೆ.

ಕ್ಯಾಮೆರಾ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಹ್ಯೂಸ್ಟನ್‌ನಂಥ ಮಹಾನಗರದಲ್ಲಿ ಚಾನೆಲ್‌ಗಳ ಆಫೀಸು, ವ್ಯಾನು, ವರದಿಗಾರರು ಮೊದಲೇ ಇರುತ್ತಾರೆ. ಚಂಡಮಾರುತ ಬರುವುದೂ ಮುಂಚೆಯೇ ಗೊತ್ತಿರುತ್ತದೆ. ಇದೇ ಪುಣೆ ಜಿಲ್ಲೆಯ ಮಾಳಿಣ ಊರನ್ನು ನೋಡಿ. 2014ರ ಜುಲೈ 30ರ ಬೆಳಗ್ಗೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಇದ್ದ ಊರು ಕಾಣಿಸುತ್ತಿಲ್ಲ ಅಂತ ಹೊರಗಿನವರಿಗೆ ತಿಳಿಸಿದ್ದು ಆ ದಾರಿಯಲ್ಲಿ ಬಂದ ಎಸ್‌ಟಿ, ಅಂದರೆ ಸರ್ಕಾರಿ ಸಾರಿಗೆ ಬಸ್ಸಿನ ಡ್ರೈವರ್. ಪುಣೆ ಜಿಲ್ಲೆಯಲ್ಲೇ ಹೀಗಾದರೆ ಮೊಜಾಂಬಿಕ್‌ನ ಹಳ್ಳಿಯ ಗತಿ ಏನು ಹೇಳಿ. ಬರಗಾಲದ್ದಂತೂ ಇನ್ನೂ ಕಷ್ಟ. ಅದು ತಿಂಗಳುಗಟ್ಟಲೆ ನಿಧಾನಕ್ಕೆ ಕೊಲ್ಲುತ್ತದೆ, ಒಂದು ದಿನದ ಬ್ರೇಕಿಂಗ್ ನ್ಯೂಸ್ ಆಗುವಂಥ ದೃಶ್ಯ ಅದರಲ್ಲಿ ಇರಲ್ಲ.

ನೆರವು ಕಳಿಸುವ ಮನಸ್ಸಿದ್ದರೆ ಟಿವಿ ತೋರಿಸಿದ ಊರಿಗೇ ಸುಮ್ನೆ ಕಳಿಸಬೇಡಿ. ಹೊರದೇಶದ್ದಾದರೆ ವಿಶ್ವಸಂಸ್ಥೆಯ ರಿಲೀಫ್‌ವೆಬ್ ತಾಣದಲ್ಲಿ ಆ ದೇಶದ ಹೆಸರು ಹಾಕಿ, ಅಲ್ಲಿ ಕೆಲಸ ಮಾಡುವವರ ವರದಿಗಳೇ ಸಿಗುತ್ತವೆ. ನಮ್ಮ ದೇಶದ್ದಾದರೆ ಆ ಜಿಲ್ಲೆಯ ಪತ್ರಿಕೆಯ ಇ-ಪೇಪರ್ ತೆಗೆದು ಒಳಪುಟ ಓದಿ. ಯಾವ ಊರಿನ ರಸ್ತೆ ಕಡಿದಿದೆ, ಯಾವ ಗಂಜಿ ಕೇಂದ್ರದಲ್ಲಿ ಮೇವಿಲ್ಲ ಅನ್ನುವುದು ಅಲ್ಲಿ ಬಂದಿರುತ್ತದೆ.